ಕಾಂತೀಯ ಶ್ವೇತಕುಬ್ಜ ಜೋಡಿಗಳ ಹುಡುಕಾಟ: ಎಕ್ಸ್‌ರೇ ಪಟ್ಟಿ ಕೈಯಲ್ಲಿದೆ, ಮುಂದೇನು?

ಸಪ್ತಾಪುರ:
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಕಾಂತೀಯ ಶ್ವೇತಕುಬ್ಜ ಜೋಡಿಗಳನ್ನು ಹುಡುಕುವ ವಿಷಯ ತೆಗೆದುಕೊಂಡಿದ್ದೇನೆ. ಇರೊಸಿಟಾ ಎಕ್ಸ್‌ರೇ ದೂರದರ್ಶಕದ ಮೊದಲ ಸಮೀಕ್ಷೆಯ ಪಟ್ಟಿ 2024ರ ಜನವರಿ 31ರಂದು ಎಲ್ಲರಿಗೂ ಬಿಡುಗಡೆಯಾಯಿತು. ಅರ್ಧ ಆಕಾಶ, ಸುಮಾರು 9 ಲಕ್ಷ ಎಕ್ಸ್‌ರೇ ಮೂಲಗಳು. ಅದನ್ನು ಇಳಿಸಿಕೊಂಡು, ಪ್ರತಿ ಮೂಲದ ಸುತ್ತ 5 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್) ಒಳಗೆ, ನಕ್ಷತ್ರಗಳ ಜಾಗ ಮತ್ತು ದೂರ ಅಳೆದ ಗಯಾ ಉಪಗ್ರಹದ ಪಟ್ಟಿಯಲ್ಲಿ ಯಾವ ನಕ್ಷತ್ರ ಇದೆ ಎಂದು ಹೊಂದಿಸಿ ನೋಡಿದೆ. ಸಾವಿರಗಟ್ಟಲೆ ಬಂದವು. ಇವುಗಳಲ್ಲಿ ನನಗೆ ಬೇಕಾದವು ಯಾವುವು ಎಂದು ಹೇಗೆ ಬೇರ್ಪಡಿಸಲಿ? ಕೆಲವಕ್ಕೆ ಜ್ವಿಕಿ ಆಕಾಶ ಸಮೀಕ್ಷೆಯ ಲೈಟ್ ಕರ್ವ್ (ಹೊತ್ತು ಹೋದಂತೆ ಬೆಳಕು ಏರಿಳಿಯುವ ಗ್ರಾಫ್) ತೆಗೆದು ಅವಧಿ ಹುಡುಕಿದೆ. ಪ್ರೋಗ್ರಾಂ ಹೆಚ್ಚಿನವಕ್ಕೆ ಒಂದು ದಿನ ಎಂಬ ಉತ್ತರ ಕೊಡುತ್ತಿದೆ. ಗಂಟೆಗಳ ಲೆಕ್ಕದಲ್ಲಿ ಸುತ್ತಬೇಕಾದವು ಇವು ಅಲ್ವಾ? ಗೊತ್ತಿದ್ದವರು ದಾರಿ ತೋರಿಸಿ.

ಬಂಕಾಪುರ:
ನಾನು ಹಾವೇರಿ ಜಿಲ್ಲೆಯವನು, ಬಿಎಸ್ಸಿ ಎರಡನೇ ವರ್ಷ. ಅಕ್ಕಾ, ಮೊದಲು ಒಂದು ಮೂಲ ಪ್ರಶ್ನೆ ಕೇಳಲೇ? ಶ್ವೇತಕುಬ್ಜ ಅಂದರೆ ಇಂಧನ ಮುಗಿದ ನಕ್ಷತ್ರ. ಅದರಿಂದ ಎಕ್ಸ್‌ರೇ ಎಲ್ಲಿಂದ ಬರುತ್ತದೆ?

ಮಾಳಮಡ್ಡಿ:
ತಮ್ಮಾ, ಅಲ್ಲಿಂದಲೇ ಶುರು ಮಾಡೋಣ. ಅದು ಗೊತ್ತಾದರೆ ಹುಡುಕುವ ದಾರಿಯೂ ತಾನಾಗಿ ತೆರೆಯುತ್ತದೆ.

ಒಂಟಿ ಶ್ವೇತಕುಬ್ಜ ತಣ್ಣಗಾಗುತ್ತಾ ಹೋಗುತ್ತದೆ, ಅಷ್ಟೇ. ಗಾತ್ರ ಭೂಮಿಯಷ್ಟು, ತೂಕ ಸೂರ್ಯನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಆದರೆ ಪಕ್ಕದಲ್ಲಿ ಒಂದು ಸಣ್ಣ ಕೆಂಪು ನಕ್ಷತ್ರ ಇದ್ದು, ಎರಡೂ ಕೆಲವೇ ಗಂಟೆಗೆ ಒಂದು ಸುತ್ತು ಹಾಕುವಷ್ಟು ಹತ್ತಿರ ಬಂದರೆ ಕಥೆಯೇ ಬೇರೆ. ಕೆಂಪು ನಕ್ಷತ್ರದ ಅನಿಲ ಶ್ವೇತಕುಬ್ಜದ ಕಡೆ ಸುರಿಯತೊಡಗುತ್ತದೆ. ಕಾಂತಕ್ಷೇತ್ರ ದುರ್ಬಲವಾಗಿದ್ದರೆ ಆ ಅನಿಲ ತಟ್ಟೆಯಾಗಿ ಸುತ್ತುತ್ತಾ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಬಲವಾಗಿದ್ದರೆ ತಟ್ಟೆಗೆ ಜಾಗವೇ ಇಲ್ಲ. ಕಾಂತರೇಖೆಗಳನ್ನು ಹಿಡಿದು ಅನಿಲ ನೇರ ಧ್ರುವದ ಮೇಲೆ ಬೀಳುತ್ತದೆ. ಬೀಳುವ ವೇಗ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್. ನೆಲ ಮುಟ್ಟುವ ಮುಂಚೆಯೇ ಆಘಾತದ ಅಲೆ ಎದ್ದು ಅನಿಲ ಹತ್ತು ಕೋಟಿ ಡಿಗ್ರಿಯನ್ನೂ ದಾಟಿ ಕಾಯುತ್ತದೆ. ಎಕ್ಸ್‌ರೇ ಬರುವುದು ಅಲ್ಲಿಂದ.

ಎಷ್ಟು ಬಲ? ಭೂಮಿಯ ಕಾಂತಕ್ಷೇತ್ರ ಸುಮಾರು ಅರ್ಧ ಗಾಸ್. 'ಪೋಲಾರ್' ಎಂಬ ಬಗೆಯಲ್ಲಿ ಅದು ಕೋಟಿ ಗಾಸ್ ದಾಟುತ್ತದೆ. ಎಆರ್ ಉರ್ಸೆ ಮೇಜೊರಿಸ್ ಎಂಬ ಜೋಡಿಯಲ್ಲಿ 23 ಕೋಟಿ ಗಾಸ್. ಅಷ್ಟು ಬಲವಿದ್ದಾಗ ಶ್ವೇತಕುಬ್ಜಕ್ಕೆ ತನ್ನಷ್ಟಕ್ಕೆ ತಿರುಗಲು ಆಗುವುದಿಲ್ಲ. ಜೋಡಿ ಒಂದು ಸುತ್ತು ಹಾಕುವ ಹೊತ್ತಿಗೆ ಅದೂ ಒಂದೇ ಸುತ್ತು ತಿರುಗುತ್ತದೆ. ಇನ್ನೊಂದು ಬಗೆ 'ಇಂಟರ್‌ಮೀಡಿಯೆಟ್ ಪೋಲಾರ್'. ಅಲ್ಲಿ ಬಲ ಸಾಮಾನ್ಯವಾಗಿ 10 ಲಕ್ಷದಿಂದ 1 ಕೋಟಿ ಗಾಸ್. ತಟ್ಟೆಯ ಹೊರಭಾಗ ಉಳಿಯುತ್ತದೆ, ಒಳಭಾಗ ಇರುವುದಿಲ್ಲ. ಶ್ವೇತಕುಬ್ಜ ಸುತ್ತಾಟದ ಅವಧಿಗಿಂತ ಬೇಗ ಬೇಗ ತಿರುಗುತ್ತದೆ.

ಬಂಕಾಪುರ:
ಮೇಡಂ, ತುಂಬಾ ಧನ್ಯವಾದ. ಹಾಗಾದರೆ ಎಕ್ಸ್‌ರೇ ಬಂದವೆಲ್ಲ ಇಂಥ ಜೋಡಿಗಳೇ?

ಮಾಳಮಡ್ಡಿ:
ಅಲ್ಲ, ಬಹಳ ಕಡಿಮೆ. ಇರೊಸಿಟಾದ ಆ 9 ಲಕ್ಷದಲ್ಲಿ ಸುಮಾರು 7 ಲಕ್ಷದ 10 ಸಾವಿರ ದೂರದ ಗೆಲಾಕ್ಸಿಗಳ ನಡುವಿನ ದೈತ್ಯ ಕಪ್ಪುಕುಳಿಗಳು. ಸುಮಾರು 1 ಲಕ್ಷ 80 ಸಾವಿರ ಸಾಮಾನ್ಯ ನಕ್ಷತ್ರಗಳು. ಸೂರ್ಯನ ಹೊರಗಿನ ಬಿಸಿ ಹೊದಿಕೆಯಾದ ಕರೋನಾದಿಂದ ಎಕ್ಸ್‌ರೇ ಬರುವ ಹಾಗೆ ಅವುಗಳಿಂದಲೂ ಬರುತ್ತದೆ. ಚಿಕ್ಕ ಕೆಂಪು ನಕ್ಷತ್ರಗಳಂತೂ ಆಗಾಗ ಜ್ವಾಲೆ ಉಗುಳುತ್ತವೆ. ನಮಗೆ ಬೇಕಾದವು ಇವೆರಡರ ನಡುವೆ ಅಡಗಿವೆ. ಎಕ್ಸ್‌ರೇ ಪಟ್ಟಿಯೊಂದೇ ಇದ್ದರೆ ಅವನ್ನು ಬೇರ್ಪಡಿಸುವುದು ಬಹಳ ಕಷ್ಟ.

ಸಪ್ತಾಪುರದ ತಂಗಿಗೆ ಈಗ ಉತ್ತರ. ಮೂರು ವಿಷಯ ಸೇರಿಸಿ ನೋಡಬೇಕು: ದೂರ, ಬಣ್ಣ, ಮತ್ತು ಎಕ್ಸ್‌ರೇಗೂ ಗೋಚರ ಬೆಳಕಿಗೂ ಇರುವ ಅನುಪಾತ.

ದೂರಕ್ಕೆ ಗಯಾದ ಪ್ಯಾರಲ್ಯಾಕ್ಸ್ ಇದೆ, ಅಂದರೆ ಭೂಮಿ ಸೂರ್ಯನ ಸುತ್ತ ಹೋದಂತೆ ನಕ್ಷತ್ರ ಎಷ್ಟು ಪಕ್ಕಕ್ಕೆ ಸರಿದಂತೆ ಕಾಣುತ್ತದೆ ಎಂಬ ಅಳತೆ; ಹತ್ತಿರದ್ದಕ್ಕೆ ಅದು ದೊಡ್ಡದು. ಪ್ಯಾರಲ್ಯಾಕ್ಸ್ ಅದರ ದೋಷಕ್ಕಿಂತ ಹಲವು ಪಟ್ಟು ದೊಡ್ಡದಾಗಿರುವವನ್ನು ಮಾತ್ರ ಇಟ್ಟುಕೊಂಡರೆ ದೂರದ ಗೆಲಾಕ್ಸಿಗಳು ಹೆಚ್ಚುಕಡಿಮೆ ಎಲ್ಲ ಉದುರಿ ಹೋಗುತ್ತವೆ. ಇನ್ನು ಉಳಿಯುವುದು ಕರೋನಾದ ನಕ್ಷತ್ರಗಳು. ಇವಕ್ಕೆ ಪ್ರಕೃತಿಯೇ ಒಂದು ಮಿತಿ ಹಾಕಿದೆ. ಎಷ್ಟೇ ಚುರುಕಾದ ನಕ್ಷತ್ರವಾದರೂ ಮಾಮೂಲಿ ಹೊತ್ತಿನಲ್ಲಿ ಅದರ ಎಕ್ಸ್‌ರೇ ಒಟ್ಟು ಬೆಳಕಿನ ಸುಮಾರು ಸಾವಿರದ ಒಂದು ಭಾಗಕ್ಕಿಂತ ಮೇಲೆ ಹೋಗುವುದಿಲ್ಲ. ಅನಿಲ ಬಿದ್ದು ಹೊಳೆಯುವ ಜೋಡಿಗೆ ಆ ಮಿತಿ ಇಲ್ಲ.

ಆದರೆ ಒಂದೇ ಅಡ್ಡಗೆರೆ ಎಳೆದು ಮೇಲಿನವೆಲ್ಲ ನಮ್ಮವು ಅನ್ನಬೇಡ. ಕೆಂಪು ನಕ್ಷತ್ರದ ಬೆಳಕು ಬಹುಪಾಲು ಅವಗೆಂಪಿನಲ್ಲಿ ಹೋಗುತ್ತದೆ, ಗಯಾಗೆ ಕಾಣುವುದು ಸಣ್ಣ ಭಾಗ. ಹೀಗಾಗಿ ಅದರ ಅನುಪಾತ ಸುಳ್ಳೇ ಜಾಸ್ತಿ ಕಾಣುತ್ತದೆ. ಅಡ್ಡಕ್ಕೆ ಬಣ್ಣ, ಉದ್ದಕ್ಕೆ ಅನುಪಾತ ಇಟ್ಟು ಚಿತ್ರ ಬರೆ. ಸಾಮಾನ್ಯ ನಕ್ಷತ್ರಗಳು ಒಂದು ಓರೆ ಪಟ್ಟಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಅದರ ಮೇಲೆ, ನೀಲಿಯ ಕಡೆ ನಿಂತಿರುವವು ನಿನ್ನ ಪಟ್ಟಿ. ಇದೇ ಜಾಗಕ್ಕೆ ಕಾಂತವಿಲ್ಲದ ತಟ್ಟೆಯ ಜೋಡಿಗಳೂ ಬರುತ್ತವೆ. ಅವನ್ನು ಬೇರ್ಪಡಿಸುವುದು ಮುಂದಿನ ಕೆಲಸ.

ವಿದ್ಯಾನಗರ:
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸದವನು, ಆಕಾಶದ ದತ್ತಾಂಶ ನೋಡುವುದು ಬಿಡುವಿನ ವೇಳೆಯ ಹುಚ್ಚು. 5 ಆರ್ಕ್‌ಸೆಕೆಂಡ್ ಒಳಗೆ ನಕ್ಷತ್ರ ಸಿಕ್ಕಿತು ಎಂದರೆ ಎಕ್ಸ್‌ರೇ ಅದರದ್ದೇ ಎಂದು ಅರ್ಥವಲ್ಲ. ಆಕಾಶಗಂಗೆಯ ಪಟ್ಟೆಯಲ್ಲಿ ಎಲ್ಲಿ ಬೆರಳಿಟ್ಟರೂ ಗಯಾದ ಒಂದು ನಕ್ಷತ್ರ ಸಿಗುತ್ತದೆ. ಅದಕ್ಕೆ ಹೀಗೆ ಮಾಡಿ: ಎಲ್ಲ ಎಕ್ಸ್‌ರೇ ಮೂಲಗಳನ್ನೂ ಒಂದೆರಡು ಆರ್ಕ್‌ಮಿನಿಟ್ ಪಕ್ಕಕ್ಕೆ ಸರಿಸಿ, ಮತ್ತೆ ಗಯಾ ಜೊತೆ ಹೊಂದಿಸಿ. ಈಗ ಸಿಗುವುದೆಲ್ಲ ಆಕಸ್ಮಿಕ. ಮೊದಲು ಸಿಕ್ಕಿದ್ದರಲ್ಲಿ ಎಷ್ಟು ಪಾಲು ಸುಳ್ಳು ಎಂದು ಇದರಿಂದ ತಿಳಿಯುತ್ತದೆ. ಪಟ್ಟೆಯೊಳಗೆ ಮತ್ತು ಪಟ್ಟೆಯ ಹೊರಗೆ ಬೇರೆ ಬೇರೆ ಲೆಕ್ಕ ಹಾಕಿ. ಹಾಗೆಯೇ ತೀರಾ ಪ್ರಕಾಶಮಾನ ನಕ್ಷತ್ರಗಳ ಮೇಲೆ ಬಿದ್ದ ಮೂಲಗಳನ್ನು ನಂಬಬೇಡಿ. ಗೋಚರ ಬೆಳಕೇ ಡಿಟೆಕ್ಟರ್ ಮೇಲೆ ತುಂಬಿಕೊಂಡು ಎಕ್ಸ್‌ರೇ ಹಾಗೆ ಕಾಣಬಹುದು.

ಇನ್ನು ಒಂದು ದಿನದ ಅವಧಿ. ಜ್ವಿಕಿ ಸಮೀಕ್ಷೆ 2018ರಿಂದ ಕ್ಯಾಲಿಫೋರ್ನಿಯಾದ ಪಲೋಮರ್ ಬೆಟ್ಟದಲ್ಲಿ ನಡೆದಿದೆ. 48 ಇಂಚಿನ ಹಳೆಯ ದೂರದರ್ಶಕ, ಒಂದೇ ಫೋಟೊದಲ್ಲಿ 47 ಚದರ ಡಿಗ್ರಿ ಆಕಾಶ. ಉತ್ತರದ ಆಕಾಶವನ್ನೆಲ್ಲ ಎರಡು ಮೂರು ರಾತ್ರಿಗೊಮ್ಮೆ ಸುತ್ತಿ ಬರುತ್ತದೆ. ಒಂದು ನಕ್ಷತ್ರಕ್ಕೆ ಆ ರಾತ್ರಿ ಸಿಗುವುದು ಒಂದೋ ಎರಡೋ ಚುಕ್ಕೆ. ಎರಡು ಗಂಟೆಯ ಅವಧಿಯನ್ನು ಎರಡು ದಿನಕ್ಕೊಮ್ಮೆ ನೋಡಿ ಹಿಡಿಯುವುದು ಹೇಗೆ ಎಂದು ನಿಮಗೆ ಅನ್ನಿಸಬಹುದು. ಹಿಡಿಯಬಹುದು. ಪ್ರತಿ ಸಲ ನೋಡಿದಾಗಲೂ ಜೋಡಿ ತನ್ನ ಸುತ್ತಿನ ಬೇರೆ ಬೇರೆ ಜಾಗದಲ್ಲಿ ಇರುತ್ತದೆ. ಐದಾರು ವರ್ಷದಲ್ಲಿ ಸುತ್ತಿನ ಎಲ್ಲ ಜಾಗಕ್ಕೂ ಚುಕ್ಕೆ ಬಿದ್ದಿರುತ್ತದೆ. ಇಳಕಲ್ ಸೀರೆಯನ್ನು ಸರಿಯಾದ ಅಳತೆಗೆ ಮಡಚಿದರೆ ಬುಟ್ಟಾದ ಮೇಲೆ ಬುಟ್ಟಾ ಕೂರುತ್ತದಲ್ಲ, ಹಾಗೆ ಸರಿಯಾದ ಅವಧಿಗೆ ಮಡಚಿದಾಗ ಮಾತ್ರ ಚದುರಿದ ಚುಕ್ಕೆಗಳು ಒಂದು ಆಕಾರಕ್ಕೆ ಬರುತ್ತವೆ.

ತೊಂದರೆ ಏನೆಂದರೆ, ಪಲೋಮರ್‌ನಲ್ಲಿ ನೋಡುವುದು ರಾತ್ರಿ ಮಾತ್ರ. ಹೀಗಾಗಿ ನೋಟದಲ್ಲೇ ಒಂದು ದಿನದ ತಾಳ ಸೇರಿಕೊಂಡಿರುತ್ತದೆ. ನಿಮ್ಮ ಪ್ರೋಗ್ರಾಂ ಹಿಡಿದದ್ದು ಅದನ್ನೇ. ಒಂದು ದಿನ, ಅರ್ಧ ದಿನ, ಮೂರನೇ ಒಂದು ದಿನದ ಸುತ್ತಮುತ್ತ ಬಂದ ಉತ್ತರಗಳನ್ನು ತೆಗೆದುಬಿಡಿ. ಇನ್ನೂ ಮೂರು ಎಚ್ಚರಿಕೆ ಇವೆ.

ಸಮಯ ಸರಿಪಡಿಸಿದ್ದೀರಾ ನೋಡಿ. ಭೂಮಿ ಸೂರ್ಯನ ಸುತ್ತ ಹೋಗುವಾಗ ನಕ್ಷತ್ರದ ಬೆಳಕು 8 ನಿಮಿಷದವರೆಗೆ ಬೇಗ ಇಲ್ಲವೇ ತಡವಾಗಿ ತಲುಪುತ್ತದೆ. 100 ನಿಮಿಷದ ಅವಧಿಗೆ ಅದು ದೊಡ್ಡ ಪೆಟ್ಟು. ಆಮೇಲೆ ಹುಡುಕುವ ಹೆಜ್ಜೆ. ಐದೂವರೆ ವರ್ಷ ಎಂದರೆ ಸುಮಾರು 2000 ದಿನ. ದಿನಕ್ಕೆ 30 ಸುತ್ತಿನವರೆಗೆ ಹುಡುಕಬೇಕು, ಪ್ರತಿ ಶಿಖರಕ್ಕೆ (ಅವಧಿ ಹೊಂದಿದಾಗ ಗ್ರಾಫಿನಲ್ಲಿ ಏಳುವ ಮೊನೆಗೆ) ಐದು ಹೆಜ್ಜೆ ಬೇಕು. ಗುಣಿಸಿದರೆ 3 ಲಕ್ಷ ಆವರ್ತನ. ಇದಕ್ಕಿಂತ ದೊಡ್ಡ ಹೆಜ್ಜೆ ಇಟ್ಟರೆ ನಿಜವಾದ ಅವಧಿ ಎರಡು ಹೆಜ್ಜೆಗಳ ನಡುವೆ ತಪ್ಪಿಸಿಕೊಳ್ಳುತ್ತದೆ. ಕೊನೆಯದು, ಸಿಕ್ಕ ಅವಧಿಯನ್ನು ಎರಡರಿಂದ ಗುಣಿಸಿಯೂ ಒಮ್ಮೆ ಮಡಚಿ ನೋಡಿ. ಪೋಲಾರ್ ಒಂದೇ ಸುತ್ತಿನಲ್ಲಿ ಎರಡು ಸಲ ಹೊಳೆಯುವುದು ಸಾಮಾನ್ಯ.

ಸಪ್ತಾಪುರ:
ವಿದ್ಯಾನಗರದ ಅಣ್ಣಾ, ನಾನು ದಿನಕ್ಕೆ ಹತ್ತು ಸುತ್ತಿನವರೆಗೆ ಮಾತ್ರ ಹುಡುಕುತ್ತಿದ್ದೆ. ಅಂದರೆ 2 ಗಂಟೆ 24 ನಿಮಿಷಕ್ಕಿಂತ ಚಿಕ್ಕವು ನನಗೆ ಕಾಣುವಂತೆಯೇ ಇರಲಿಲ್ಲ. ಸರಿಪಡಿಸುತ್ತೇನೆ. ಮೇಡಂ, ಕಾಂತ ಇದ್ದವನ್ನು ಇಲ್ಲದವುಗಳಿಂದ ಬೇರ್ಪಡಿಸುವುದನ್ನು ಹೇಳುತ್ತೇನೆ ಅಂದಿದ್ದಿರಿ.

ಕಪ್ಪತಗುಡ್ಡ:
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಗದಗಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಚರ್ಚೆ ಓದುತ್ತಾ ರಾತ್ರಿ ಊಟದ ಹೊತ್ತು ಮೀರಿತು. ಈ ದೂರದರ್ಶಕಗಳೆಲ್ಲ ಹೊರದೇಶದವು. ನಮ್ಮ ಉಪಗ್ರಹ ಆಸ್ಟ್ರೋಸ್ಯಾಟ್ ಇದಕ್ಕೆ ಬರುವುದಿಲ್ಲವೇ? ಇನ್ನೊಂದು, ನನ್ನ ಬಳಿ 8 ಇಂಚಿನ ದೂರದರ್ಶಕ ಮತ್ತು ಒಂದು ಕ್ಯಾಮೆರಾ ಇದೆ. ಗುಡ್ಡದ ಕಡೆ ಹೋದರೆ ಆಕಾಶ ಚೆನ್ನಾಗಿದೆ. ಗಾಳಿಯಂತ್ರಗಳ ಕೆಂಪು ದೀಪ ಮಾತ್ರ ಅಡ್ಡ ಬರುತ್ತವೆ. ಇಂಥ ಜೋಡಿ ಯಾವುದಾದರೂ ನಮ್ಮಂಥವರಿಗೆ ಸಿಗುತ್ತದೆಯೇ?

ಮಾಳಮಡ್ಡಿ:
ಸರ್, ಕ್ಷಮೆ ಯಾಕೆ? ನಿಮ್ಮ ಎರಡನೇ ಪ್ರಶ್ನೆ ನನಗೆ ಬಹಳ ಇಷ್ಟ. ಮೊದಲು ತಂಗಿಗೆ ಹೇಳಿ ಮುಗಿಸುತ್ತೇನೆ.

ಲೈಟ್ ಕರ್ವ್ ನೋಡಿದ ಕೂಡಲೇ ಒಂದು ಸುಳಿವು ಸಿಗುತ್ತದೆ. ತಟ್ಟೆ ಇರುವ ಎಷ್ಟೋ ಜೋಡಿಗಳು ಆಗಾಗ ಹಠಾತ್ತನೆ ಹೊಳೆದು ಕೆಲವು ದಿನಕ್ಕೆ ಇಳಿಯುತ್ತವೆ. ಪೋಲಾರ್‌ಗೆ ತಟ್ಟೆ ಇಲ್ಲ, ಆ ಹೊಳಪೂ ಇಲ್ಲ. ಬದಲಿಗೆ ತಿಂಗಳುಗಟ್ಟಲೆ ಮೇಲಿನ ಮಟ್ಟದಲ್ಲಿ, ಮತ್ತೆ ತಿಂಗಳುಗಟ್ಟಲೆ ಕೆಳಗಿನ ಮಟ್ಟದಲ್ಲಿ ಇರುತ್ತದೆ. ಒಂದೇ ಸುತ್ತಿನೊಳಗೆ ಒಂದು ಮ್ಯಾಗ್ನಿಟ್ಯೂಡ್‌ಗೂ (ಬೆಳಕಿನಲ್ಲಿ ಸುಮಾರು ಎರಡೂವರೆ ಪಟ್ಟಿಗೂ) ಜಾಸ್ತಿ ಏರಿಳಿಯಬಹುದು. ಎಲೆಕ್ಟ್ರಾನುಗಳು ಕಾಂತರೇಖೆಯ ಸುತ್ತ ಗಿರಗಿರ ತಿರುಗುತ್ತಾ ಸೂಸುವ ಸೈಕ್ಲೊಟ್ರಾನ್ ಬೆಳಕು ಒಂದೊಂದು ಬಣ್ಣದಲ್ಲಿ ಒಂದೊಂದು ಥರ ಇರುವುದರಿಂದ, ಹಸಿರು ಮತ್ತು ಕೆಂಪು ಫಿಲ್ಟರಿನ ಕರ್ವ್‌ಗಳ ಆಕಾರವೂ ಬೇರೆಯಾಗಿ ಕಾಣುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡು.

ಇದಿಷ್ಟಾದರೂ ಅದು 'ಅಭ್ಯರ್ಥಿ' ಮಾತ್ರ. ನನ್ನ ವಿದ್ಯಾರ್ಥಿಗಳಿಗೂ ಇದನ್ನು ಒತ್ತಿ ಹೇಳುತ್ತೇನೆ. ರೋಹಿತ, ಅಂದರೆ ಬಣ್ಣ ಬಣ್ಣವಾಗಿ ಬಿಡಿಸಿದ ಬೆಳಕು, ಬರುವವರೆಗೆ ವರದಿಯಲ್ಲಿ 'ಕಂಡುಹಿಡಿದೆ' ಎಂಬ ಮಾತು ಬರಬಾರದು. ರೋಹಿತದಲ್ಲಿ ಹೈಡ್ರೋಜನ್ ಗೆರೆಗಳು ಹೊಳೆಯುತ್ತಿರಬೇಕು. ಅದರ ಜೊತೆ 4686 ಆಂಗ್‌ಸ್ಟ್ರಾಮ್‌ನಲ್ಲಿ ಅಯಾನಾದ ಹೀಲಿಯಂ ಗೆರೆ ಗಟ್ಟಿಯಾಗಿದ್ದರೆ ಕಾಂತದ ಅನುಮಾನ ಬಲವಾಗುತ್ತದೆ. ಸೈಕ್ಲೊಟ್ರಾನ್ ಉಬ್ಬುಗಳು ಕಂಡರಂತೂ ಮಾತೇ ಇಲ್ಲ, ಅವುಗಳ ನಡುವಿನ ಅಂತರದಿಂದ ಕಾಂತಕ್ಷೇತ್ರದ ಬಲವನ್ನೇ ಅಳೆಯಬಹುದು. ಸ್ಲೋನ್ ಸಮೀಕ್ಷೆಯ ರೋಹಿತಗಳು ಎಲ್ಲರಿಗೂ ಸಿಗುತ್ತವೆ. ನಿನ್ನ ಪಟ್ಟಿಯಲ್ಲಿ ಕೆಲವಕ್ಕೆ ಅಲ್ಲೇ ಇರಬಹುದು, ಮೊದಲು ಹುಡುಕು. ಇಲ್ಲದಿದ್ದರೆ ಗೈಡ್ ಮೂಲಕ ಹಾನ್ಲೆಯ 2 ಮೀಟರ್ ಚಂದ್ರ ದೂರದರ್ಶಕಕ್ಕೆ ಪ್ರಸ್ತಾವನೆ ಬರೆಯಬಹುದು. ಲಡಾಖಿನಲ್ಲಿರುವ ಅದನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ನಡೆಸುತ್ತಾರೆ.

ಮೊದಲ ಪೋಲಾರ್ ಸಿಕ್ಕಿದ್ದೂ ಹೀಗೆ ಹೆಜ್ಜೆ ಹೆಜ್ಜೆಯಾಗಿಯೇ. ಎಎಂ ಹರ್ಕ್ಯುಲಿಸ್ ಬೆಳಕು ಬದಲಿಸುತ್ತದೆ ಎಂದು 1923ರಲ್ಲೇ ಜರ್ಮನಿಯ ಮ್ಯಾಕ್ಸ್ ವೋಲ್ಫ್ ಕಂಡಿದ್ದರು. 1970ರ ದಶಕದಲ್ಲಿ ಉಹುರು ಉಪಗ್ರಹಕ್ಕೆ ಆ ಕಡೆಯಿಂದ ಎಕ್ಸ್‌ರೇ ಕಂಡಿತು. ಎರಡೂ ಒಂದೇ ಎಂದು ಹೊಂದಿಸಿದ ಮೇಲೆ, 1976ರಲ್ಲಿ ಸಾಂಟಿಯಾಗೊ ಟಾಪಿಯಾ ಅದರ ಬೆಳಕು ಬಲವಾಗಿ ವೃತ್ತಧ್ರುವೀಕರಣ (ಬೆಳಕಿನ ಅಲೆ ತಿರುಪಿನಂತೆ ಸುತ್ತುವುದು, ಬಲವಾದ ಕಾಂತದ ಗುರುತು) ಹೊಂದಿದೆ ಎಂದು ಅಳೆದರು. ಆಗ ಕಾಂತ ಎಂದು ಒಪ್ಪಿದರು. ಐವತ್ತು ವರ್ಷದ ನಡುವೆ ಹರಡಿದ್ದ ಆ ಮೊದಲೆರಡು ಹೆಜ್ಜೆಗಳನ್ನು ಈಗ ಸಪ್ತಾಪುರದ ಒಂದು ಕೋಣೆಯಲ್ಲಿ ಕೂತು ಲಕ್ಷ ನಕ್ಷತ್ರಗಳಿಗೆ ಮಾಡಬಹುದು. ನನಗೆ ಇದು ಬಹಳ ದೊಡ್ಡ ಸಂಗತಿ.

ವಿದ್ಯಾನಗರ:
ಮೇಡಂ, ಲಕ್ಷ ಎಂದಿರಿ, ಅದಕ್ಕೇ ಕೇಳುತ್ತೇನೆ. ಗೊತ್ತಿರುವ ಪೋಲಾರ್‌ಗಳನ್ನು ತೋರಿಸಿ ಒಂದು ಮಷಿನ್ ಲರ್ನಿಂಗ್ ಮಾದರಿಗೆ ಕಲಿಸಿದರೆ ಆಗದೇ? ಒಂದೊಂದೇ ಕರ್ವ್ ಕಣ್ಣಲ್ಲಿ ನೋಡುವುದು ಎಷ್ಟು ದಿನ?

ಮಾಳಮಡ್ಡಿ:
ಎಂಎಸ್ಸಿ ಪ್ರಾಜೆಕ್ಟ್‌ಗೆ ನಾನು ಬೇಡ ಎನ್ನುತ್ತೇನೆ. ಗೊತ್ತಿರುವ ಪೋಲಾರ್‌ಗಳಲ್ಲಿ ಬಹಳಷ್ಟು ಸಿಕ್ಕಿದ್ದು 1990ರ ರೋಸ್ಯಾಟ್ ಸಮೀಕ್ಷೆಯಿಂದ. ಅದಕ್ಕೆ ಕಂಡದ್ದು ಮೃದು (ಕಡಿಮೆ ಶಕ್ತಿಯ) ಎಕ್ಸ್‌ರೇ ಮಾತ್ರ. ಹಾಗಾಗಿ ಮೃದು ಎಕ್ಸ್‌ರೇ ಜಾಸ್ತಿ ಸೂಸುವವೇ ಪಟ್ಟಿಗೆ ಬಂದವು. ಇಂಟರ್‌ಮೀಡಿಯೆಟ್ ಪೋಲಾರ್‌ಗಳು ಗಡಸು (ಹೆಚ್ಚು ಶಕ್ತಿಯ) ಎಕ್ಸ್‌ರೇಯವು. ಅವು ಸ್ವಿಫ್ಟ್, ಇಂಟೆಗ್ರಲ್ ಉಪಗ್ರಹಗಳಿಂದ ಬಂದವು. ಈ ಪಟ್ಟಿ ತೋರಿಸಿ ಯಂತ್ರಕ್ಕೆ ಕಲಿಸಿದರೆ ಅದು ಹಳೆಯ ಥರದವನ್ನೇ ಮತ್ತೆ ಹುಡುಕುತ್ತದೆ. ಬೇರೆ ಥರದ್ದು ಎದುರಿಗೆ ಬಂದರೂ ಬಿಟ್ಟುಬಿಡುತ್ತದೆ.

ಎಆರ್ ಸ್ಕಾರ್ಪಿ ಎಂಬ ಜೋಡಿಯನ್ನೇ ನೋಡಿ. ದಶಕಗಳ ಕಾಲ ಅದನ್ನು ಮಾಮೂಲಿ ಮಿಡಿಯುವ ನಕ್ಷತ್ರ ಎಂದು ಪಟ್ಟಿಯಲ್ಲಿ ಬರೆದಿಟ್ಟಿದ್ದರು. 2015ರಲ್ಲಿ ಯುರೋಪಿನ ಹವ್ಯಾಸಿಗಳಿಗೆ ಅದರ ವರ್ತನೆ ಬೇರೆ ಅನ್ನಿಸಿತು. ಸಂಶೋಧಕರು ದೊಡ್ಡ ದೂರದರ್ಶಕದಲ್ಲಿ ನೋಡಿದರೆ ಎರಡು ನಿಮಿಷಕ್ಕೊಮ್ಮೆ ಮಿಡಿಯುತ್ತಿತ್ತು! ಶ್ವೇತಕುಬ್ಜವೊಂದು ಪಲ್ಸಾರ್ (ತಾಳ ಹಾಕಿದಂತೆ ಮಿಡಿಯುವ ನ್ಯೂಟ್ರಾನ್ ನಕ್ಷತ್ರ) ಹಾಗೆ ನಡೆದುಕೊಂಡ ಮೊದಲ ಉದಾಹರಣೆ ಅದು. ಅಂಥದೇ ಎರಡನೆಯದು 2023ರಲ್ಲಿ ಪ್ರಕಟವಾಯಿತು.

ವಿದ್ಯಾನಗರ:
ಒಪ್ಪುತ್ತೇನೆ, ಪೂರ್ತಿ ಅಲ್ಲ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯದ ಮೊದಲ ಚಿತ್ರಗಳು 2025ರ ಜೂನ್‌ನಲ್ಲಿ ಬಂದವು. ಅದು ರಾತ್ರಿಗೆ ಸುಮಾರು 1 ಕೋಟಿ ಬದಲಾವಣೆಗಳನ್ನು ತಿಳಿಸಲಿದೆ ಎಂಬ ನಿರೀಕ್ಷೆ ಇದೆ. ಅಷ್ಟನ್ನು ಯಾವ ಕಣ್ಣೂ ನೋಡಲಾರದು. ಯಂತ್ರ ಬೇಕೇ ಬೇಕು. ಆದರೆ ಕಲಿಸುವ ಮುಂಚೆ ಪಕ್ಷಪಾತವಿಲ್ಲದ ಒಂದು ಪಟ್ಟಿ ಕೈಯಲ್ಲಿರಬೇಕು ಎಂಬುದನ್ನು ಒಪ್ಪುತ್ತೇನೆ.

ಮಾಳಮಡ್ಡಿ:
ಹೌದ್ರಿ, ಆ ಪಟ್ಟಿಯ ಬೆಲೆ ಅಲ್ಲೇ ಇದೆ. 2020ರಲ್ಲಿ ಒಂದು ತಂಡ ಗಯಾ ದೂರಗಳನ್ನು ಹಿಡಿದು 150 ಪಾರ್ಸೆಕ್ (ಸುಮಾರು 490 ಜ್ಯೋತಿರ್ವರ್ಷ) ಒಳಗಿನ, ಅನಿಲ ಸುರಿಯುವ ಶ್ವೇತಕುಬ್ಜ ಜೋಡಿಗಳನ್ನೆಲ್ಲ ಎಣಿಸಿತು. ಸಿಕ್ಕಿದ್ದು 42. ಅದರಲ್ಲಿ ಶೇಕಡಾ 36 ಕಾಂತೀಯ. ಆದರೆ ಅನಿಲ ಸುರಿಯಲು ಇನ್ನೂ ಶುರುವಾಗದ, ದೂರ ದೂರ ಇರುವ ಜೋಡಿಗಳಲ್ಲಿ ಕಾಂತೀಯವು ತೀರಾ ಅಪರೂಪ. ಹಾಗಾದರೆ ಕಾಂತ ಎಲ್ಲಿಂದ ಬಂತು? 2021ರಲ್ಲಿ ಮಥಾಯಸ್ ಶ್ರೈಬರ್ ಮತ್ತು ಸಂಗಡಿಗರು ಒಂದು ಉತ್ತರ ಮುಂದಿಟ್ಟರು. ಬೀಳುವ ಅನಿಲ ಶ್ವೇತಕುಬ್ಜವನ್ನು ವೇಗವಾಗಿ ತಿರುಗಿಸುತ್ತದೆ. ಅಷ್ಟರಲ್ಲಿ ಅದರ ಒಡಲು ತಣ್ಣಗಾಗಿ ಹರಳುಗಟ್ಟತೊಡಗಿರುತ್ತದೆ. ಎರಡೂ ಸೇರಿ ಒಳಗೆ ಕಾಂತಕ್ಷೇತ್ರ ಹುಟ್ಟಿಸುವ ಡೈನಮೋ ಶುರುವಾಗುತ್ತದೆ ಎಂಬುದು ಅವರ ವಾದ. ಇದು ಸರಿಯೇ ಎಂದು ನೋಡಲು ಯಾವ ವಯಸ್ಸಿನ, ಯಾವ ಅವಧಿಯ ಜೋಡಿಗಳಲ್ಲಿ ಎಷ್ಟು ಕಾಂತೀಯ ಎಂಬ ಲೆಕ್ಕ ಬೇಕು.

ಅದಕ್ಕೇ ತಂಗಿ, ನೀನು ಬಿಟ್ಟದ್ದನ್ನೂ ಬರೆದಿಡು. ಯಾವ ಹಂತದಲ್ಲಿ ಯಾವ ಕಾರಣಕ್ಕೆ ತೆಗೆದೆ ಎಂದು ಪ್ರತಿಯೊಂದರ ಮುಂದೆ ಇರಲಿ. ಇರೊಸಿಟಾ ಒಂದು ಸಮೀಕ್ಷೆಗೆ ಆರು ತಿಂಗಳು ತೆಗೆದುಕೊಂಡಿತು, ಒಂದು ಜಾಗವನ್ನು ನೋಡಿದ್ದು ಸ್ವಲ್ಪ ಹೊತ್ತು. ಆಗ ಕೆಳಮಟ್ಟದಲ್ಲಿದ್ದ ಪೋಲಾರ್ ನಿನ್ನ ಪಟ್ಟಿಗೆ ಬಂದೇ ಇರುವುದಿಲ್ಲ. ಹೀಗೆ ತಪ್ಪಿದವು ಎಷ್ಟು ಎಂದು ಅಂದಾಜು ಮಾಡಲು, ಗೊತ್ತಿರುವ ಪೋಲಾರ್‌ಗಳಲ್ಲಿ ಎಷ್ಟು ನಿನ್ನ ಜರಡಿಯಲ್ಲಿ ಉಳಿದವು ಎಂದು ಎಣಿಸು.

ಈಗ ಗದಗಿನ ಸರ್ ಪ್ರಶ್ನೆ. ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಹಾರಿತು. ಅದು ಮುಖ್ಯವಾಗಿ ಗೊತ್ತಿರುವ ಒಂದು ಮೂಲದ ಕಡೆ ತಿರುಗಿ ಹೊತ್ತು ಹೊತ್ತು ನೋಡುವ ಉಪಗ್ರಹ, ಇಡೀ ಆಕಾಶ ಗುಡಿಸುವುದು ಅದರ ಕೆಲಸವಲ್ಲ. ಸಿಕ್ಕಿದ ಜೋಡಿಯನ್ನು ಆಳವಾಗಿ ಓದಲು ಬಹಳ ಒಳ್ಳೆಯದು. ಅದರ ಹಳೆಯ ದತ್ತಾಂಶ ಬ್ಯಾಲಾಳಿನ ಇಸ್ರೋ ಕೇಂದ್ರದ ಸಂಗ್ರಹದಲ್ಲಿ ಎಲ್ಲರಿಗೂ ಸಿಗುತ್ತದೆ.

ನಿಮ್ಮ 8 ಇಂಚಿಗೆ ಇಎಕ್ಸ್ ಹೈಡ್ರೆ ಹಿಡಿಯಿರಿ. ಇಂಟರ್‌ಮೀಡಿಯೆಟ್ ಪೋಲಾರ್, ಸುಮಾರು 185 ಜ್ಯೋತಿರ್ವರ್ಷ ದೂರ, 13ನೇ ಮ್ಯಾಗ್ನಿಟ್ಯೂಡ್ ಆಸುಪಾಸು. ಜೋಡಿಯ ಸುತ್ತು 98 ನಿಮಿಷ, ಶ್ವೇತಕುಬ್ಜದ ತಿರುಗು 67 ನಿಮಿಷ. ನಮ್ಮ ಅಕ್ಷಾಂಶ 15 ಡಿಗ್ರಿ ಇರುವುದು ಇಲ್ಲಿ ಲಾಭ. ಯುರೋಪಿನವರಿಗೆ ದಿಗಂತದ ಹತ್ತಿರವೇ ತೆವಳುವ ಈ ಜೋಡಿ ನಮಗೆ 45 ಡಿಗ್ರಿ ಎತ್ತರಕ್ಕೆ ಏರುತ್ತದೆ. ಎಎಂ ಹರ್ಕ್ಯುಲಿಸ್ ಕೂಡ ನಮಗೆ ಸಿಗುತ್ತದೆ, ಆದರೆ ಅದು ಮಧ್ಯರಾತ್ರಿ ಅತಿ ಎತ್ತರಕ್ಕೆ ಬರುವ ಹೊತ್ತಿಗೆ ಮಳೆಗಾಲ. ಮೇ ತಿಂಗಳಲ್ಲಿ ಬೆಳಗಿನ ಜಾವ ನೋಡಬೇಕಾಗುತ್ತದೆ.

ಕಪ್ಪತಗುಡ್ಡ:
ಮೇಡಂ, ಓದಿ ಮೈ ಜುಮ್ಮೆಂದಿತು. ಇಎಕ್ಸ್ ಹೈಡ್ರೆಗೆ ಮಾರ್ಚ್, ಏಪ್ರಿಲ್ ಸರಿ ಅಲ್ವಾ? ಆಗ ನಮ್ಮಲ್ಲಿ ಮೋಡ ಕಡಿಮೆ, ಪರೀಕ್ಷೆ ಮುಗಿಯುತ್ತಾ ಬಂದಿರುತ್ತದೆ, ಹತ್ತನೇ ತರಗತಿಯ ನಾಲ್ಕೈದು ಮಕ್ಕಳನ್ನು ಪಾಲಕರ ಒಪ್ಪಿಗೆ ಪಡೆದು ಕರೆದೊಯ್ಯಬಹುದು. ಒಂದು ರಾತ್ರಿ ಸಾಕೇ?

ಮಾಳಮಡ್ಡಿ:
ಮಾರ್ಚ್, ಏಪ್ರಿಲ್ ಸರಿಯಾದ ಹೊತ್ತು. ಒಂದು ರಾತ್ರಿ ಸಾಲದು ಸರ್. 67ರ ಮೂರು ಪಟ್ಟು 201, 98ರ ಎರಡು ಪಟ್ಟು 196. ಎರಡೂ ಹತ್ತಿರ ಹತ್ತಿರ ಇರುವುದರಿಂದ ಒಂದೇ ರಾತ್ರಿಯಲ್ಲಿ ಎರಡು ತಾಳಗಳನ್ನು ಬಿಡಿಸುವುದು ಕಷ್ಟ. ಕೆಲವು ರಾತ್ರಿ ಬಿಟ್ಟು ಬಿಟ್ಟು ನೋಡಿದರೆ ಒಂದು ಇನ್ನೊಂದರಿಂದ ಜಾರುತ್ತಾ ಹೋಗುವುದು ಕಾಣುತ್ತದೆ. ಪ್ರತಿ ಫೋಟೊ 60 ಸೆಕೆಂಡ್ ಮೀರದಿರಲಿ, ಕೆಂಪು ನಕ್ಷತ್ರ ಅಡ್ಡ ಬಂದು ಆಗುವ ಗ್ರಹಣ ಕೆಲವೇ ನಿಮಿಷದ್ದು. ಹೋಲಿಕೆಯ ನಕ್ಷತ್ರಗಳ ನಕ್ಷೆಯನ್ನು ಅಮೆರಿಕದ ಹವ್ಯಾಸಿ ವೀಕ್ಷಕರ ಸಂಘ, ಎಎವಿಎಸ್‌ಒ, ಪುಕ್ಕಟೆ ಕೊಡುತ್ತದೆ. 1911ರಿಂದ ಇರುವ ಸಂಘ ಅದು. ನಿಮ್ಮ ಅಳತೆಗಳನ್ನು ಅಲ್ಲಿಗೇ ಕಳಿಸಿ, ಸಂಶೋಧಕರು ಬಳಸುತ್ತಾರೆ.

ಸಪ್ತಾಪುರ:
ಸರ್, ಆ ದತ್ತಾಂಶವನ್ನು ನನಗೂ ಕೊಡುವಿರಾ? ಎರಡು ಅವಧಿ ಗೊತ್ತಿರುವ ನಿಜವಾದ ಜೋಡಿಯ ಮೇಲೆ ನನ್ನ ಪ್ರೋಗ್ರಾಂ ಓಡಿಸಿ, 67 ಮತ್ತು 98 ಎರಡೂ ಬರುತ್ತವೆಯೇ ಎಂದು ನೋಡಬೇಕು. ಅಲ್ಲಿಯವರೆಗೆ ಬಣ್ಣ ಮತ್ತು ಅನುಪಾತದ ಚಿತ್ರ ಬರೆಯುತ್ತೇನೆ, ಪಕ್ಕಕ್ಕೆ ಸರಿಸಿ ಹೊಂದಿಸುವ ಪರೀಕ್ಷೆಯನ್ನೂ ಮಾಡುತ್ತೇನೆ. ಜ್ವಿಕಿಗೆ ಕಾಣದ ದಕ್ಷಿಣದ ಮೂಲಗಳಿಗೆ ಏನು ಮಾಡಲಿ?

ವಿದ್ಯಾನಗರ:
ಅಟ್ಲಾಸ್ ಸಮೀಕ್ಷೆ ನೋಡಿ. ಅದಕ್ಕೆ ಚಿಲಿ ಮತ್ತು ದಕ್ಷಿಣ ಆಫ್ರಿಕಾದಲ್ಲೂ ದೂರದರ್ಶಕ ಇವೆ. ಯಾವ ಜಾಗದ ಅಳತೆ ಬೇಕೆಂದು ಕೇಳಿದರೆ ಕಳಿಸುತ್ತದೆ. ಜ್ವಿಕಿಯಷ್ಟು ಮಂಕಾದ ನಕ್ಷತ್ರ ಸಿಗುವುದಿಲ್ಲ, ಹಾಗಾಗಿ ಪ್ರಕಾಶಮಾನವಾದವುಗಳಿಂದ ಶುರು ಮಾಡಿ. ಟೆಸ್ ಉಪಗ್ರಹದ ದತ್ತಾಂಶವೂ ಇದೆ, 27 ದಿನ ಎಡೆಬಿಡದೆ ನೋಡಿದ್ದು. ಅದರ ಒಂದು ಪಿಕ್ಸೆಲ್ 21 ಆರ್ಕ್‌ಸೆಕೆಂಡ್. ಪಕ್ಕದ ನಕ್ಷತ್ರದ ಏರಿಳಿತವೂ ಅದರಲ್ಲಿ ಬೆರೆಯುತ್ತದೆ, ಗಯಾದಲ್ಲಿ ನೆರೆಯವರನ್ನು ನೋಡಿಕೊಂಡೇ ಬಳಸಿ.

ಕಪ್ಪತಗುಡ್ಡ:
ಕೊಡುತ್ತೇನೆ ತಂಗಿ, ಎಲ್ಲ ಫೋಟೊಗಳನ್ನೂ ಕೊಡುತ್ತೇನೆ. ಕ್ಯಾಮೆರಾದ ಗಡಿಯಾರವನ್ನು ಪ್ರತಿ ರಾತ್ರಿ ಇಂಟರ್‌ನೆಟ್ ಸಮಯಕ್ಕೆ ಹೊಂದಿಸಿಕೊಳ್ಳುತ್ತೇನೆ. ಆ 8 ನಿಮಿಷದ ಲೆಕ್ಕ ನೀವು ಹಾಕಿಕೊಳ್ಳಿ.